ಭೂತಾಯಿ ಒಂದು ವರ್ಷ ರಾಶಿ, ಇನ್ನೊಂದು ವರ್ಷ ನಾಪತ್ತೆ: ಸಮುದ್ರದ ಬಿಸಿಗೂ ಇದಕ್ಕೂ ಏನು ಸಂಬಂಧ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಸಣ್ಣ ಮೀನಿನ ಅಂಗಡಿ. ವಾರಕ್ಕೆ ಎರಡು ಸಲ ಕರಾವಳಿಯಿಂದ ಐಸ್ ಡಬ್ಬಿಯಲ್ಲಿ ಭೂತಾಯಿ, ಬಂಗುಡೆ ಬರುತ್ತದೆ. ಒಂದು ವರ್ಷ ಭೂತಾಯಿ ಬೇಡ ಅಂದರೂ ಬರುತ್ತೆ. ಇನ್ನೊಂದು ವರ್ಷ ಅಂಗಲಾಚಿದರೂ ಸಿಗಲ್ಲ. ಗಾಡಿಯವರನ್ನು ಕೇಳಿದರೆ "ಸಮುದ್ರ ಬಿಸಿ ಆಗೈತ್ರಿ, ಅದಕ್ಕ" ಅಂತಾರೆ. ಒಂದು ಡಿಗ್ರಿ ಬಿಸಿ ಹೆಚ್ಚಾದರೆ ಮೀನು ಸಾಯುತ್ತಾ? ಹಿಡಿಯೋದು ಕಮ್ಮಿ ಮಾಡಿದರೆ ಸರಿಹೋಗುತ್ತಾ? ನಮ್ಮ ಡ್ಯಾಮಿನ ಮೀನಿಗೂ ಇದೇ ಲೆಕ್ಕಾನಾ?

ಉತ್ತರ: ಅಕ್ಕಾರೆ, ಮೊದಲು ನೇರ ಉತ್ತರ ಕೊಡ್ತೀನಿ. ಒಂದು ಡಿಗ್ರಿಗೆ ಬೆಳೆದ ಮೀನು ಸಾಯುವುದಿಲ್ಲ. ಆದರೆ ಆ ವರ್ಷ ಹುಟ್ಟಿದ ಮರಿಗಳಲ್ಲಿ ಎಷ್ಟು ಉಳಿಯುತ್ತವೆ ಅನ್ನುವುದು ಆ ಒಂದು ಡಿಗ್ರಿಯಿಂದ ಬದಲಾಗಬಹುದು. ನಿಮ್ಮ ಡಬ್ಬಿ ತುಂಬುವುದೂ ಖಾಲಿ ಬರುವುದೂ ಅಲ್ಲೇ ತೀರ್ಮಾನ ಆಗುತ್ತದೆ.

ರಾಯಚೂರು ಕಡೆ ತೊಗರಿ ಹಾಕಿದವರನ್ನು ಕೇಳಿ ನೋಡಿ. ಹೂ ಬಿಟ್ಟ ಹೊತ್ತಿಗೆ ನಾಲ್ಕು ದಿನ ಮೋಡ ಕವಿದು ಮಂಜು ಬಿದ್ದರೆ ಸಾಕು, ಹೂ ಉದುರುತ್ತದೆ. ಗಿಡ ಮಾತ್ರ ಹಸಿರಾಗಿ ನಿಂತಿರುತ್ತದೆ. ದಾರಿಯಲ್ಲಿ ಹೋಗುವವರಿಗೆ ಬೆಳೆ ಚೆನ್ನಾಗಿದೆ ಅಂತಲೇ ಕಾಣುತ್ತದೆ. ಕಾಯಿ ಕಟ್ಟಲಿಲ್ಲ ಅನ್ನುವುದು ಹೊಲದವನಿಗೆ ಮಾತ್ರ ಗೊತ್ತು. ಸಮುದ್ರದಲ್ಲಿ ಆಗುವುದೂ ಇದೇ. ತಾಯಿ ಮೀನು ಇರುತ್ತದೆ, ತತ್ತಿಯನ್ನೂ ಇಡುತ್ತದೆ. ಆದರೆ ಮರಿ ಉಳಿಯುವುದಿಲ್ಲ. ಅದು ನಮಗೆ ಗೊತ್ತಾಗುವುದು ಮುಂದಿನ ವರ್ಷ, ಬಲೆ ಹಗುರವಾಗಿ ಮೇಲೆ ಬಂದಾಗ.

ನಮ್ಮ ಮೀನುಗಾರಿಕೆ ವಿಜ್ಞಾನದಲ್ಲಿ ಇದಕ್ಕೆ ರಿಕ್ರೂಟ್‌ಮೆಂಟ್ ಅಂತಾರೆ. ಮರಿ ಬೆಳೆದು ಬಲೆಗೆ ಸಿಗುವಷ್ಟಾಗಿ ದೊಡ್ಡ ಹಿಂಡಿಗೆ ಸೇರುವುದು ಅಂತ ಅರ್ಥ. ಒಂದು ಭೂತಾಯಿ ಹತ್ತಾರು ಸಾವಿರ ತತ್ತಿ ಇಡುತ್ತದೆ. ಅದರಲ್ಲಿ ಎರಡು ಬೆಳೆದು ನಿಂತರೂ ಅಪ್ಪ ಅಮ್ಮನ ಜಾಗ ತುಂಬಿದ ಹಾಗೆ. ಎರಡರ ಬದಲು ನಾಲ್ಕು ಉಳಿದರೆ ಹಿಂಡು ಎರಡು ಪಟ್ಟು. ಒಂದೇ ಉಳಿದರೆ ಅರ್ಧ. ಹತ್ತಾರು ಸಾವಿರದಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಸಾಕು. ಅದಕ್ಕೇ ಮೀನಿನ ಲೆಕ್ಕ ಕುರಿ ಲೆಕ್ಕದ ಹಾಗೆ ಅಲ್ಲ. ಕುರಿ ಎಷ್ಟಿವೆ ಅಂತ ನೋಡಿ ಮುಂದಿನ ವರ್ಷ ಮರಿ ಎಷ್ಟು ಅಂತ ಅಂದಾಜು ಹೇಳಬಹುದು. ಮೀನಿನಲ್ಲಿ ಆ ಅಂದಾಜು ನಡೆಯುವುದಿಲ್ಲ.

ಇದನ್ನು ಮೊದಲು ಬಿಡಿಸಿ ಹೇಳಿದವರು ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್, 1914ರಲ್ಲಿ. ಮೀನಿನ ಹುರುಪೆ ಮೇಲೆ ಮರದ ಕಾಂಡದಲ್ಲಿರುವ ಹಾಗೆ ವರ್ಷದ ಗೆರೆಗಳಿರುತ್ತವೆ. ಅವನ್ನು ಎಣಿಸಿದಾಗ ಒಂದು ಸಂಗತಿ ಕಂಡಿತು. 1904ರಲ್ಲಿ ಹುಟ್ಟಿದ ಹೆರಿಂಗ್ ಮೀನುಗಳೇ ವರ್ಷಗಟ್ಟಲೆ ಬಲೆ ತುಂಬಿಸುತ್ತಿದ್ದವು. ಮುಂದಿನ ವರ್ಷಗಳಲ್ಲಿ ಹುಟ್ಟಿದವು ಅವುಗಳ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಎಲ್ಲ ವರ್ಷವೂ ತತ್ತಿ ಇಟ್ಟೇ ಇರುತ್ತವೆ, ಅಲ್ವಾ? ಹಾಗಾದರೆ ಮರಿಗಳ ಮೊದಲ ಕೆಲವು ದಿನಗಳಲ್ಲೇ ಏನೋ ತೀರ್ಮಾನ ಆಗಿರಬೇಕು ಅಂತ ಯೋರ್ಟ್ ಹೇಳಿದರು. ತತ್ತಿಯ ಜೊತೆ ಬಂದ ಬುತ್ತಿ ಮುಗಿದ ಹೊತ್ತಿಗೆ ಬಾಯಿಗೆ ಆಹಾರ ಸಿಕ್ಕರೆ ಮರಿ ಬದುಕುತ್ತದೆ. ಇಲ್ಲದಿದ್ದರೆ ಇಲ್ಲ. ನೂರು ವರ್ಷದಲ್ಲಿ ಈ ಮಾತಿಗೆ ಬಹಳ ತಿದ್ದುಪಡಿ ಆಗಿದೆ. ಮರಿಯನ್ನು ತಿನ್ನುವ ಮೀನು, ಅದನ್ನು ದೂರ ಒಯ್ಯುವ ನೀರಿನ ಸೆಳೆತ, ಇವೂ ಲೆಕ್ಕಕ್ಕೆ ಬಂದಿವೆ. ಆದರೂ ಮೂಲ ಮಾತು ಇವತ್ತಿಗೂ ನಿಂತಿದೆ.

ಈ ಬುತ್ತಿ ಮುಗಿಯುವುದನ್ನು ನಾನು ಕಣ್ಣಾರೆ ನೋಡಿದ್ದು ಸಮುದ್ರದಲ್ಲಿ ಅಲ್ಲ, ನಮ್ಮ ತುಂಗಭದ್ರಾ ಕಡೆಯ ಒಂದು ಖಾಸಗಿ ಮರಿ ಫಾರಂನಲ್ಲಿ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಕೆಲವು ವರ್ಷ ಬಂದರುಗಳಲ್ಲಿ ಮೀನು ಅಳೆಯುವ ಕೆಲಸ ಮಾಡಿ ಆಮೇಲೆ ಈ ಕಡೆ ಬಂದೆ. ಆ ವರ್ಷ ಮಳೆ ತಡವಾಗಿತ್ತು. ರೋಹು ತತ್ತಿಗಳು ದುಂಡನೆಯ ತೊಟ್ಟಿಯಲ್ಲಿ ತಿರುಗುತ್ತಿದ್ದವು. ನೆನೆಸಿಟ್ಟ ಸಾಬಕ್ಕಿಯ ಹಾಗೆ, ನಡುವೆ ಒಂದು ಚುಕ್ಕೆ. ಇವಕ್ಕೆ 27ರಿಂದ 31 ಡಿಗ್ರಿ ನೀರು ಒಗ್ಗುತ್ತದೆ. ಅವತ್ತು ಬೋರ್‌ವೆಲ್ ಮೋಟಾರ್ ಸುಟ್ಟು ತಣ್ಣನೆಯ ಹೊಸ ನೀರು ನಿಂತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಥರ್ಮಾಮೀಟರ್ 33 ದಾಟಿತ್ತು. ಮರಿಗಳು ಹೊರಬಂದವು, ಹೊತ್ತಿಗೆ ಮುಂಚೆಯೇ ಬಂದವು. ಅಂಗೈಯಲ್ಲಿ ಒಂದಿಷ್ಟು ನೀರು ಹಿಡಿದು ನೋಡಿದೆ. ಬಹಳಷ್ಟು ಮರಿಗಳ ಬಾಲ ಸೊಟ್ಟಗಾಗಿತ್ತು. ಉಳಿದವು ಸರಿಯಾಗಿಯೇ ಇದ್ದವು, ಆದರೆ ಹೊಟ್ಟೆಯ ಕೆಳಗಿನ ಹಳದಿ ಬುತ್ತಿ ಬೇಗ ಕರಗಿಹೋಯಿತು. ಮೂರನೇ ದಿನ ಕೊಡಬೇಕಿದ್ದ ಆಹಾರವನ್ನು ಎರಡನೇ ದಿನವೇ ಕೊಡಬೇಕಾಯಿತು. ನಾವು ಹತ್ತಿರ ನಿಂತಿದ್ದೆವು, ಕೊಟ್ಟೆವು. ಸಮುದ್ರದಲ್ಲಿ ಹಾಗೆ ಕೊಡುವವರು ಯಾರು?

ಬಿಸಿ ಮಾಡುವ ಮೊದಲ ಕೆಲಸ ಇದು. ಮೀನಿನ ಮೈ ತನ್ನದೇ ಬಿಸಿ ಇಟ್ಟುಕೊಳ್ಳುವುದಿಲ್ಲ. ನೀರು ಎಷ್ಟೋ ಮೈ ಅಷ್ಟೇ. ನೀರು ಬಿಸಿಯಾದಷ್ಟೂ ಒಳಗಿನ ಒಲೆ ಜೋರಾಗಿ ಉರಿಯುತ್ತದೆ. ಉಸಿರು ಜಾಸ್ತಿ ಬೇಕು, ಆಹಾರ ಜಾಸ್ತಿ ಬೇಕು. ಅದೇ ಹೊತ್ತಿಗೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಖರ್ಚು ಏರಿತು, ಆದಾಯ ಇಳಿಯಿತು ಅಂದ ಹಾಗೆ.

ಎರಡನೆಯದು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಸಮುದ್ರದ ಮೇಲಿನ ನೀರು ಬಿಸಿಯಾಗಿ ಹಗುರವಾಗುತ್ತದೆ. ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ ಮೇಲೇ ಕೂರುತ್ತದೆ. ಗೊಬ್ಬರದ ಸತ್ವವೆಲ್ಲ ಕೆಳಗಿನ ತಣ್ಣನೆಯ ನೀರಿನಲ್ಲಿ ಇರುತ್ತದೆ. ಮುಂಗಾರು ಗಾಳಿ ಬೀಸಿದಾಗ ಕೇರಳ ಮತ್ತು ನಮ್ಮ ದಕ್ಷಿಣ ಕರಾವಳಿಯಲ್ಲಿ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ಕೆಂಡದಂಥ ಏಪ್ರಿಲ್ ಕಳೆದು ಜೂನ್, ಜುಲೈಗೆ ಅಲ್ಲಿನ ಸಮುದ್ರ ತಣ್ಣಗಾಗುವುದು ಬರೀ ಮಳೆಯಿಂದ ಅಲ್ಲ, ಇದರಿಂದ. ಈ ಸತ್ವ ಸಿಕ್ಕ ತಕ್ಷಣ ಡಯಾಟಮ್ ಅನ್ನುವ ಕಣ್ಣಿಗೆ ಕಾಣದ ಸಣ್ಣ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಭೂತಾಯಿಗೆ ಅದೇ ಊಟ. ಅದಕ್ಕೆ ಸರಿಯಾಗಿ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತತ್ತಿ ಇಡುತ್ತದೆ. ನಾವು ಮಿರಗದ ಮಳೆ ನೋಡಿ ಬಿತ್ತುವ ಹಾಗೆ.

ಈಗ ಕಷ್ಟ ಎಲ್ಲಿ ಬರುತ್ತದೆ ನೋಡಿ. ಬಿತ್ತನೆಯೂ ಮಳೆಯೂ ಕೂಡಿ ಬರಬೇಕು. ಬೇಸಿಗೆಯ ಬಿಸಿ ಮುಚ್ಚಳ ದಪ್ಪವಾಗಿದ್ದು, ಗಾಳಿ ತಡವಾಗಿ ಅಥವಾ ದುರ್ಬಲವಾಗಿ ಬಂದರೆ ತಣ್ಣೀರು ಏರುವುದು ತಡ, ಡಯಾಟಮ್ ಬೆಳೆಯುವುದು ತಡ. ಮರಿ ಮಾತ್ರ ಆಗಲೇ ಹುಟ್ಟಿರುತ್ತದೆ. ಊಟ ಸಿದ್ಧವಾಗುವ ಮೊದಲೇ ನೆಂಟರು ಬಂದು, ಹಸಿದು ಹೊರಟುಹೋದ ಹಾಗೆ. ಹಾಗಂತ ತಣ್ಣೀರು ಜಾಸ್ತಿ ಏರಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಆಳದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ತೀರಾ ಜೋರಾಗಿ ಏರಿದರೆ ಮೀನು ದಡ ಬಿಟ್ಟು ಹೋಗುತ್ತದೆ, ಮರಿಗಳು ಹೊರ ಸಮುದ್ರಕ್ಕೆ ಕೊಚ್ಚಿಹೋಗುತ್ತವೆ. ಹದ ಬೇಕು. ಈ ಹದ ಅನ್ನುವ ಮಾತನ್ನು ಬಿಟ್ಟು, "ಬಿಸಿ ಆದರೆ ಮೀನು ಇಲ್ಲ, ತಂಪಾದರೆ ಮೀನು" ಅಂತ ಸರಳ ಮಾಡಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಸಮುದ್ರ ನಿಜಕ್ಕೂ ಬಿಸಿಯಾಗಿದೆಯಾ? ಹೌದು. 1951ರಿಂದ 2015ರವರೆಗೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ನೀರು ಸುಮಾರು ಒಂದು ಡಿಗ್ರಿ ಏರಿದೆ. ಜಗತ್ತಿನ ಸಮುದ್ರಗಳ ಸರಾಸರಿ ಏರಿಕೆ ಅದೇ ಅವಧಿಯಲ್ಲಿ 0.7 ಡಿಗ್ರಿ. ಪುಣೆಯ ಹವಾಮಾನ ವಿಜ್ಞಾನಿಗಳ ಲೆಕ್ಕ ಇದು. ಇದರ ಮೇಲೆ ಎಲ್ ನಿನೋ, ಅಂದರೆ ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ವಿಪರೀತ ಬಿಸಿಯಾಗುವ ವರ್ಷಗಳ ಬಿಸಿ ಬೇರೆ ಸೇರುತ್ತದೆ.

ಮೀನು ಇದಕ್ಕೆ ಸುಮ್ನೆ ಕೂತಿಲ್ಲ. ಭೂತಾಯಿ ಮೊದಲು ಕೇರಳ ಮತ್ತು ಕರ್ನಾಟಕದ ಕರಾವಳಿಗೆ ಸೀಮಿತ ಅನ್ನುವಷ್ಟು ಇತ್ತು. 1980ರ ದಶಕದ ನಂತರ ಉತ್ತರಕ್ಕೂ ಹರಡಿತು, ಪೂರ್ವ ಕರಾವಳಿಯಲ್ಲೂ ದೊಡ್ಡದಾಗಿ ಸಿಗತೊಡಗಿತು. ಚೆನ್ನೈ ಕಡೆ ರಾಣಿ ಮೀನು ಜಾಗ ಬದಲಿಸುವ ಬದಲು ತಿಂಗಳು ಬದಲಿಸಿತು. ಬೇಸಿಗೆಯಲ್ಲಿ ತತ್ತಿ ಇಡುವುದನ್ನು ಕಡಿಮೆ ಮಾಡಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ತಂಪು ತಿಂಗಳುಗಳಿಗೆ ಸರಿಯಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನು ದಶಕಗಳ ಕಾಲ ಮೀನಿನ ಹೊಟ್ಟೆ ಸೀಳಿ ನೋಡಿ ದಾಖಲಿಸಿದ್ದಾರೆ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಯಾಕೆ ಅಂದರೆ ನಮ್ಮಲ್ಲಿ ಮೀನು ಹಿಡಿಯುವುದಕ್ಕೆ ಇರುವ ನಿಷೇಧದ ದಿನಾಂಕ ಕ್ಯಾಲೆಂಡರ್ ನೋಡಿ ಇಟ್ಟದ್ದು, ಮೀನು ಕ್ಯಾಲೆಂಡರ್ ನೋಡುವುದಿಲ್ಲ.

ನಿಮ್ಮ ಭೂತಾಯಿಯ ಕಥೆಗೆ ಬರೋಣ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಭೂತಾಯಿ ಸಿಕ್ಕಿತ್ತು. 2021ರಲ್ಲಿ ಬರೀ 3,297 ಟನ್. ನೂರು ಡಬ್ಬಿ ಬರುತ್ತಿದ್ದ ಕಡೆ ಒಂದು ಡಬ್ಬಿಯೂ ಪೂರ್ತಿ ತುಂಬದ ಹಾಗೆ. ಇದಕ್ಕೆ 2015ರ ಎಲ್ ನಿನೋ ಒಂದು ದೊಡ್ಡ ಕಾರಣ ಅಂತ ವಿಜ್ಞಾನಿಗಳು ಹೇಳಿದರು. ನನ್ನ ಅಭಿಪ್ರಾಯವೂ ಅದೇ, ಆದರೆ ಅರ್ಧ ಮಾತ್ರ. ಮೀನು ಹೇರಳವಾಗಿದ್ದ ವರ್ಷಗಳಲ್ಲಿ ನಾವು ಮರಿಯನ್ನೂ ಬಿಡದೆ ಬಳಿದೆವು. ಬಂದರಿನಲ್ಲಿ ಕೆಲಸ ಮಾಡುವಾಗ ಬೆರಳುದ್ದದ ಭೂತಾಯಿಯನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುವುದನ್ನು ನೋಡಿದ್ದೇನೆ. ಅದು ಯಾರ ತಟ್ಟೆಗೂ ಹೋಗಲಿಲ್ಲ, ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಯಿತು. ಆ ದೃಶ್ಯ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಭೂತಾಯಿಯ ಆಯುಸ್ಸು ಎರಡು, ಎರಡೂವರೆ ವರ್ಷ ಅಷ್ಟೇ. ಒಂದು ವರ್ಷಕ್ಕೆ ತಾಯಿಯಾಗುತ್ತದೆ. ಇಂಥ ಮೀನಿನಲ್ಲಿ ಎರಡು ವರ್ಷ ಸಾಲಾಗಿ ಮರಿ ಕೆಟ್ಟರೆ ಹಿಂದೆ ಉಳಿದ ಗಂಟು ಅಂತ ಏನೂ ಇರುವುದಿಲ್ಲ. ಬಿಸಿಯ ವರ್ಷ ಬಂದಾಗ ದಾಟಿಸಲು ಬೇಕಾಗಿದ್ದ ಮೀನನ್ನು ನಾವು ಮೊದಲೇ ತೆಗೆದಿದ್ದೆವು.

ಆಮೇಲೆ ಏನಾಯಿತು? ಭೂತಾಯಿ ತಿರುಗಿ ಬಂತು. 2024ರಲ್ಲಿ ಕೇರಳದಲ್ಲಿ ಸುಮಾರು ಒಂದೂವರೆ ಲಕ್ಷ ಟನ್ ಸಿಕ್ಕಿತು. ಆದರೆ ಮೀನು ಸಣ್ಣದು. ನಿಮ್ಮ ಅಂಗಡಿಗೂ ಬಂದಿರಬೇಕು, ತೆಳ್ಳಗೆ, ಕೊಬ್ಬಿಲ್ಲದ್ದು, ಬಾಣಲೆಗೆ ಹಾಕಿದರೆ ಎಣ್ಣೆ ಬಿಡದ್ದು. ಮಳೆ ಹದವಾಗಿ ಬಂದು ಮರಿ ವಿಪರೀತ ಉಳಿದುಕೊಂಡವು, ಇದ್ದ ಊಟವನ್ನು ಎಲ್ಲ ಹಂಚಿಕೊಂಡವು. ಸಸಿ ಒತ್ತಾಗಿ ನೆಟ್ಟ ಭತ್ತ ತೆಂಡೆ ಒಡೆಯದೆ ಸಣಕಲಾಗುವ ಹಾಗೆ. ಹಾಗಾಗಿ ಎಣಿಕೆ ಜಾಸ್ತಿ ಇದ್ದರೂ ತೂಕ ಬರಲಿಲ್ಲ.

"ಹಿಡಿಯೋದು ಕಮ್ಮಿ ಮಾಡಿದರೆ ಸರಿಹೋಗುತ್ತಾ" ಅಂತ ಕೇಳಿದ್ದೀರಿ. ಈ ಪ್ರಶ್ನೆ ಹಳೆಯದು. 1940ರ ದಶಕದಲ್ಲೂ ಭೂತಾಯಿ ಹೀಗೇ ಕಾಣೆಯಾಗಿತ್ತು. ಆಗ ಹಿಂಡನ್ನೇ ಸುತ್ತುವರಿದು ಬಲೆ ಹಾಕುವ ಇವತ್ತಿನಂಥ ಪರ್ಸೀನ್ ಬೋಟ್ ಇರಲಿಲ್ಲ. ಮಂಗಳೂರು ಕಡೆಯೆಲ್ಲ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1943ರಲ್ಲಿ ಆ ಸರ್ಕಾರ ಮರಿ ಮತ್ತು ತತ್ತಿಯ ಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು, 1947ರಲ್ಲಿ ತೆಗೆಯಿತು. ಅಂದರೆ ಬಲೆ ಸಣ್ಣದಿದ್ದ ಕಾಲದಲ್ಲೂ ಸಮುದ್ರ ತನ್ನಷ್ಟಕ್ಕೆ ಏರಿಳಿತ ಮಾಡುತ್ತಿತ್ತು. ಇದನ್ನೇ ಹಿಡಿದುಕೊಂಡು "ಎಲ್ಲ ನಿಸರ್ಗದ ಆಟ, ನಾವು ಹಿಡಿದರೇನು ಬಿಟ್ಟರೇನು" ಅನ್ನುವವರು ಇದ್ದಾರೆ. ಆ ವಾದ ತಪ್ಪು. ಬರಗಾಲ ನಿಸರ್ಗದ್ದೇ, ಆದರೆ ಬರಗಾಲದಲ್ಲಿ ಬೀಜದ ಕಾಳು ತಿಂದವನು ಮುಂದಿನ ಮುಂಗಾರಿಗೆ ಏನು ಬಿತ್ತುತ್ತಾನೆ?

ಪೆರು ದೇಶದವರು ಇದನ್ನು ಬಹಳ ದುಬಾರಿ ಬೆಲೆ ಕೊಟ್ಟು ಕಲಿತರು. ಅಲ್ಲಿ ಆಂಚೊವೆಟಾ ಅಂತ ಭೂತಾಯಿಯ ದೂರದ ಸಂಬಂಧಿ ಮೀನು ಇದೆ. 1970ರಲ್ಲಿ 1.2 ಕೋಟಿ ಟನ್ನಿಗೂ ಹೆಚ್ಚು ಹಿಡಿದರು. 1972ರಲ್ಲಿ ಎಲ್ ನಿನೋ ಬಂತು, ಮರಿ ಕೆಟ್ಟಿತು, ಆದರೂ ಬೋಟುಗಳು ನಿಲ್ಲಲಿಲ್ಲ. 1973ಕ್ಕೆ ಸುಮಾರು 20 ಲಕ್ಷ ಟನ್ನಿಗೆ ಬಿತ್ತು. ಈಗ ಅವರು ಪ್ರತಿ ಹಂಗಾಮಿಗೆ ಮೊದಲು ಹಡಗು ಕಳಿಸಿ, ನೀರಿನ ಬಿಸಿ ಅಳೆದು, ಶಬ್ದದ ಅಲೆ ಬಿಟ್ಟು ಹಿಂಡು ಎಷ್ಟಿದೆ, ಅದರಲ್ಲಿ ಮರಿ ಎಷ್ಟು ಅಂತ ನೋಡುತ್ತಾರೆ. 2023ರಲ್ಲಿ ನೀರು ಬಿಸಿಯಾಗಿ ಮರಿಗಳೇ ಹೆಚ್ಚಾಗಿ ಕಂಡವು. ಉತ್ತರ ಮತ್ತು ಮಧ್ಯ ಭಾಗದ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಸಾವಿರಾರು ಮನೆಗಳಿಗೆ ಅದು ಕಷ್ಟದ ತೀರ್ಮಾನ. ಸರಿಯಾದ ತೀರ್ಮಾನ ಅಂತಲೇ ನಾನು ಹೇಳುತ್ತೇನೆ.

ಬಿಸಿಯನ್ನು ನೇರವಾಗಿ ಲೆಕ್ಕದೊಳಗೆ ಸೇರಿಸಿದವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದ ಕೊನೆಗೆ ಸಾರ್ಡೀನ್ ಮೀನಿಗೆ, ಅಂದರೆ ನಮ್ಮ ಭೂತಾಯಿಯ ಸಂಬಂಧಿಗೆ, ಒಂದು ಸೂತ್ರ ಮಾಡಿದರು. ಸ್ಕ್ರಿಪ್ಸ್ ಅನ್ನುವ ಸಾಗರ ಸಂಶೋಧನಾ ಸಂಸ್ಥೆಯ ಸಮುದ್ರ ಕಟ್ಟೆಯಲ್ಲಿ ಅಳೆದ ಮೂರು ವರ್ಷದ ಸರಾಸರಿ ಉಷ್ಣತೆ ನೋಡುವುದು. ನೀರು ಬೆಚ್ಚಗಿದ್ದರೆ ಹಿಡಿಯಬಹುದಾದ ಪಾಲು 15 ಶೇಕಡಾವರೆಗೆ, ತಣ್ಣಗಿದ್ದರೆ 5ಕ್ಕೆ ಇಳಿಕೆ. ಗಮನಿಸಿ, ಅಲ್ಲಿನ ಸಾರ್ಡೀನ್‌ಗೆ ಬೆಚ್ಚನೆಯ ನೀರು ಒಳ್ಳೆಯದು ಅಂತ ನಂಬಿಕೆ, ನಮ್ಮದಕ್ಕೆ ಉಲ್ಟಾ. ತಣ್ಣನೆಯ ದೇಶದ ಮೀನಿಗೆ ಒಂದು ಡಿಗ್ರಿ ವರ, ಈಗಾಗಲೇ ಬಿಸಿಯ ಅಂಚಿನಲ್ಲಿ ಬದುಕುವ ನಮ್ಮ ಮೀನಿಗೆ ಅದೇ ಡಿಗ್ರಿ ಶಾಪ. ಸೂತ್ರ ಚೆನ್ನಾಗಿತ್ತು. ಆದರೆ 2010ರಲ್ಲಿ ಮತ್ತೆ ಪರೀಕ್ಷಿಸಿದಾಗ ಕಟ್ಟೆಯ ನೀರಿಗೂ ಮರಿಗೂ ಮೊದಲು ಕಂಡಿದ್ದ ನಂಟು ನಿಲ್ಲಲಿಲ್ಲ. ಆ ಅಳತೆ ಬಿಟ್ಟು ಹೊರ ಸಮುದ್ರದ ಉಷ್ಣತೆಗೆ ಹೋದರು. 2015ರಲ್ಲಿ ಹಿಂಡು ತೀರಾ ಇಳಿದು ಆ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು.

ಇದಕ್ಕೆ ಎದುರು ಉದಾಹರಣೆ ಅದೇ ದೇಶದ ಪೂರ್ವ ತೀರದ ಮೇನ್ ಕೊಲ್ಲಿ. ಅಲ್ಲಿ ಕಾಡ್ ಮೀನಿನ ಕೋಟಾ ಕಡಿಮೆ ಮಾಡುತ್ತಾ ಬಂದರೂ ಹಿಂಡು ಏಳಲಿಲ್ಲ. 2004ರಿಂದ 2013ರವರೆಗೆ ಆ ನೀರು ಜಗತ್ತಿನ ಉಳಿದ ಸಮುದ್ರಗಳಿಗಿಂತ ಬಹಳ ವೇಗವಾಗಿ ಬಿಸಿಯಾಗಿತ್ತು. ಲೆಕ್ಕ ಹಾಕುವವರು ಅದನ್ನು ಸೇರಿಸಿರಲಿಲ್ಲ. ಮರಿ ಹಳೆಯ ದರದಲ್ಲೇ ಬರುತ್ತದೆ ಅಂತ ನಂಬಿ ಕೊಟ್ಟ ಕೋಟಾ, ಕಡಿಮೆ ಅನಿಸಿದರೂ, ಜಾಸ್ತಿಯೇ ಆಗಿತ್ತು.

ಈ ಎರಡನ್ನೂ ಇಟ್ಟುಕೊಂಡು ನಾನು ಹೇಳುವುದು ಇಷ್ಟು. ಥರ್ಮಾಮೀಟರ್ ನೋಡಿ ಟನ್ ಲೆಕ್ಕ ಹೇಳಲು ಹೋಗಬಾರದು. ಆದರೆ ಥರ್ಮಾಮೀಟರ್ ನೋಡದೆ ಇರಲೂಬಾರದು. ನಮ್ಮಲ್ಲಿ ಇಷ್ಟು ಟನ್ ಅನ್ನುವ ಕೋಟಾ ಪದ್ಧತಿ ಇಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ ಇದೆ. ಒಳ್ಳೆಯದೇ. ಆದರೆ ಆಗಸ್ಟ್ ಒಂದಕ್ಕೆ ಬೋಟು ಇಳಿದಾಗಲೂ ಭೂತಾಯಿ ತತ್ತಿ ಇಡುತ್ತಲೇ ಇರುತ್ತದೆ. ಮುಂಗಾರು ತಡವಾದ ವರ್ಷ, ಎಲ್ ನಿನೋ ವರ್ಷ, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮರಿಯ ಹಿಂಡು ಕಂಡ ಕಡೆ ಕೆಲವು ವಾರ ಬಲೆ ಹಾಕಬೇಡಿ ಅನ್ನುವ ವ್ಯವಸ್ಥೆ ಬೇಕು. ಆ ವಾರಗಳಿಗೆ ಮೀನುಗಾರರ ಮನೆಗೆ ದುಡ್ಡು ಕೊಡದೆ ಇದನ್ನು ಹೇಳುವುದು ಮಾತ್ರ ಅನ್ಯಾಯ. ದೋಣಿಯ ಸಾಲದ ಕಂತು ಮೀನಿನ ಮರಿ ಬೆಳೆಯುವವರೆಗೆ ಕಾಯುವುದಿಲ್ಲ.

ನಮ್ಮ ಡ್ಯಾಮಿನ ಮಾತು ಬೇರೆ. ತುಂಗಭದ್ರಾ ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರ್ ಹರಡುತ್ತದೆ. ಅದರಲ್ಲಿನ ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನಿಂದ ತಂದವು. ಅವುಗಳ ಮರಿಯನ್ನು ಫಾರಂನಲ್ಲಿ ಮಾಡಿ ತಂದು ಬಿಡುತ್ತಾರೆ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಈ ಜಾತಿಯ ಮೀನಿನಿಂದ ತತ್ತಿ ಇಡಿಸಿ ತೋರಿಸಿದ ಮೇಲೆ ಇದು ಸಾಧ್ಯವಾಯಿತು. ಅಂದರೆ ಸಮುದ್ರದಲ್ಲಿ ಗಾಳಿ ಮತ್ತು ನೀರು ಮಾಡುವ ತೀರ್ಮಾನವನ್ನು ಇಲ್ಲಿ ಬಹುಮಟ್ಟಿಗೆ ಮನುಷ್ಯ ಮಾಡುತ್ತಾನೆ. ಬಿಸಿ ಇಲ್ಲಿ ಕಾಡುವುದು ಬೇರೆ ರೀತಿ. ಸಿಂಧನೂರು ಕಡೆ ಕೆರೆ ಹೊಂಡದಲ್ಲಿ ಮೀನು ಸಾಕುವವರಿಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಿರುತ್ತದೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆಗ ಗಾಳಿ ಯಂತ್ರ ಹಾಕಬೇಕು, ಮೇವು ನಿಲ್ಲಿಸಬೇಕು. ಮರಿ ತಂದಾಗಲೂ ಮಧ್ಯಾಹ್ನ ಬಿಡಬಾರದು. ಪ್ಲಾಸ್ಟಿಕ್ ಚೀಲವನ್ನು ಹಾಗೇ ಹದಿನೈದು, ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿಟ್ಟು, ಒಳಗಿನ ಬಿಸಿ ಹೊರಗಿನ ಬಿಸಿ ಸಮ ಆದ ಮೇಲೆ ಬಾಯಿ ಬಿಚ್ಚಬೇಕು.

ಕೊನೆಗೆ ನಿಮ್ಮ ಅಂಗಡಿಗೆ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಸಣ್ಣ ಭೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯಬಾರದು ಅಂತ ನಿಯಮ ಇದೆ. ಆ ಅಳತೆಯನ್ನು ನೀವೂ ಇಟ್ಟುಕೊಳ್ಳಬಹುದು. ಡಬ್ಬಿಯಲ್ಲಿ ಅದಕ್ಕಿಂತ ಸಣ್ಣದೇ ತುಂಬಿ ಬಂದರೆ ಗಾಡಿಯವರಿಗೆ ಬೇಡ ಅನ್ನಿ ಅಕ್ಕಾರೆ. ಐದು ಅಂಗಡಿಯವರು ಬೇಡ ಅಂದರೆ ಬಂದರಿಗೆ ಮಾತು ಮುಟ್ಟುತ್ತದೆ. ಇನ್ನೊಂದು ಕೆಲಸ ಮಾಡಿ. ಪ್ರತಿ ತಿಂಗಳು ಮೊದಲ ಡಬ್ಬಿಯಿಂದ ಕೈಗೆ ಸಿಕ್ಕ ಹತ್ತು ಭೂತಾಯಿ ತೆಗೆದು, ಮೂತಿಯಿಂದ ಬಾಲದ ತುದಿವರೆಗೆ ಸ್ಕೇಲಿನಲ್ಲಿ ಅಳೆದು ಒಂದು ವಹಿಯಲ್ಲಿ ಬರೆದಿಡಿ. ಹೊಟ್ಟೆ ಸೀಳಿದಾಗ ತತ್ತಿ ಇತ್ತಾ ಇಲ್ವಾ ಅಂತಲೂ ಬರೆಯಿರಿ. ಹೆಂಗೂ ದಿನಾ ಸೀಳ್ತೀರಲ್ಲ. ಎರಡು ವರ್ಷದ ವಹಿ ಆದ ಮೇಲೆ ನನಗೆ ಕಳಿಸಿ, ಕೂತು ನೋಡೋಣ.